ಫೋನಿನಲ್ಲಿ ಬೀಗಿತ್ತಿಯರ ಚೌಕಾಬಾರ

ಎರಡು ವರ್ಷದ ಹಿಂದಿನ ಬೇಸಿಗೆ ರಜೆಯಲ್ಲಿ ನಡೆದದ್ದು. ನಾನು ಶಿಡ್ಲಘಟ್ಟದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮನೆ ಚಿಕ್ಕಬಳ್ಳಾಪುರದಲ್ಲಿ. ವರ್ಷವಿಡೀ ಬಸ್ಸಿನಲ್ಲಿ ಓಡಾಡಿಕೊಂಡಿರುವ ನನಗೆ ರಜೆ ಬಂತೆಂದರೆ ಕೈ ಸುಮ್ಮನಿರುವುದಿಲ್ಲ, ಮನೆಯಲ್ಲಿ ಏನಾದರೊಂದು ಸರಿಮಾಡಲೇಬೇಕು. ಒಂದು ವರ್ಷ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ್ದೆ. ಇನ್ನೊಂದು ವರ್ಷ ನಮ್ಮ ಯಜಮಾನರ ಹಳೇ ಶರ್ಟುಗಳನ್ನೆಲ್ಲ ಅವರಿಗೆ ಹೇಳದೆ ಕೊಟ್ಟುಬಿಟ್ಟಿದ್ದೆ. ಆ ವರ್ಷ ನನ್ನ ಕಣ್ಣು ಬಿದ್ದದ್ದು ನಮ್ಮತ್ತೆ ಜಯಮ್ಮನವರ ಗುಂಡಿ ಒತ್ತುವ ಹಳೇ ಫೋನಿನ ಮೇಲೆ.

ನಮ್ಮತ್ತೆಗೆ ಆಗ ಎಪ್ಪತ್ತಾರು. ನಮ್ಮ ಜೊತೆಯಲ್ಲೇ ಇರುತ್ತಾರೆ. ನನ್ನ ತಾಯಿ ವೆಂಕಟಲಕ್ಷ್ಮಮ್ಮ ಅವರಿಗಿಂತ ಎರಡು ವರ್ಷ ಚಿಕ್ಕವರು. ಅವರಿರುವುದು ಚಿಂತಾಮಣಿಯಲ್ಲಿ, ನನ್ನ ತಮ್ಮ ಮುನಿರಾಜುವಿನ ಮನೆಯಲ್ಲಿ. ಮದುವೆಯಾದಾಗಿನಿಂದ ಈ ಬೀಗಿತ್ತಿಯರಿಬ್ಬರ ನಡುವೆ ಒಂದು ವಿಚಿತ್ರವಾದ ಸ್ನೇಹ. ಬೇರೆ ಬೀಗಿತ್ತಿಯರು ಸೇರಿದರೆ ಸೀರೆ ಒಡವೆ ಮಾತಾಡುತ್ತಾರೆ, ಇವರು ಸೇರಿದರೆ ಚೌಕಾಬಾರ ಆಡುತ್ತಾರೆ. ಸೀಮಂತ, ನಾಮಕರಣ, ಗೃಹಪ್ರವೇಶ ಏನೇ ಇರಲಿ, ಊಟವಾದ ಮೇಲೆ ಒಂದು ಮೂಲೆ ಹಿಡಿದು, ಸೀಮೆಸುಣ್ಣದಲ್ಲಿ ಮನೆ ಬರೆದು ಕೂತರೆ ಬಸ್ಸಿಗೆ ಹೊತ್ತಾಗುವವರೆಗೂ ಏಳುತ್ತಿರಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮಾರನೇ ದಿನ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಡಾಕ್ಟರು ಬಿಡಿಸಿ ಹೇಳಿ ಕಳಿಸಿದ್ದರು, ದಿನಾ ವಾಕರ್ ಹಿಡಿದು ನಡೆಯಬೇಕು, ಈಗ ನಡೆಯದೆ ಮಲಗಿಬಿಟ್ಟರೆ ಆಮೇಲೆ ಏಳುವುದು ಕಷ್ಟ ಅಂತ. ಆದರೆ ಅಮ್ಮ ಮಂಚ ಬಿಟ್ಟು ಅಲ್ಲಾಡಲಿಲ್ಲ. ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿರುತ್ತಿದ್ದರು. ನಾನು ಭಾನುವಾರ ಹೋಗಿ ಬೈದರೆ, "ಇನ್ನೇನ್ ನಡ್ದು ಯಾವ ಊರಿಗ್ ಹೋಗ್ಬೇಕಾಗಿದೆ ನಾನು? ಬಿಡಮ್ಮ" ಅನ್ನುತ್ತಿದ್ದರು. ಅಷ್ಟು ಮಾತಿನ ಮಲ್ಲಿ ಹೀಗೆ ಒಂದೇ ಮಾತಿಗೆ ಬಂದುಬಿಟ್ಟಿದ್ದರು.

ದಾರಿ ಹುಡುಕಿದವರು ನಮ್ಮತ್ತೆ. ಒಂದು ಮಧ್ಯಾಹ್ನ ತಮ್ಮ ಫೋನಿನಿಂದ ಚಿಂತಾಮಣಿಗೆ ಹಚ್ಚಿ, "ಏನ್ ಬೀಗಿತ್ತಿ, ಮಲ್ಕೊಂಡೇ ಇರ್ತೀರೋ, ಇಲ್ಲ ಬಂದು ನನ್ ಕೈಲಿ ಸೋಲ್ತೀರೋ?" ಅಂದರು.

"ಎಲ್ಲಿಗ್ ಬರ್ಲಮ್ಮ, ಕಾಲಿಲ್ವಲ್ಲ."

"ಕಾಲ್ ಯಾಕೆ? ಬಾಯಿದ್ಯಲ್ಲ. ಮನೆ ಬರೀರಿ ಅಲ್ಲಿ. ನಾನೂ ಬರ್ಕೊಂಡಿದೀನಿ."

ಹಾಗೆ ಶುರುವಾಯಿತು. ಇಬ್ಬರ ಮನೆಯಲ್ಲೂ ಒಂದೊಂದು ಚೌಕಾಬಾರದ ಪಟ. ಎರಡೂ ಪಟದ ಮೇಲೆ ಇಬ್ಬರ ಕಾಯಿಗಳೂ ಇರುತ್ತಿದ್ದವು, ನಮ್ಮತ್ತೆಯವು ಬಳೆ ಚೂರು, ಅಮ್ಮನವು ಹುಣಸೆ ಬೀಜ. ಆಟ ಗೊತ್ತಿಲ್ಲದವರಿಗೆ ಹೇಳುವುದಾದರೆ, ನಾಲ್ಕು ಕವಡೆ ಹಾಕಿದಾಗ ಎಷ್ಟು ಅಂಗಾತ ಬೀಳುತ್ತವೋ ಅಷ್ಟು ಮನೆ ಕಾಯಿ ನಡೆಸಬೇಕು. ನಾಲ್ಕೂ ಬೋರಲು ಬಿದ್ದರೆ ಅದು ಎಂಟು, ಎಲ್ಲಕ್ಕಿಂತ ದೊಡ್ಡದು, ಇನ್ನೊಂದು ಸಲ ಹಾಕುವ ಅವಕಾಶವೂ ಸಿಗುತ್ತದೆ. ಎದುರಿನವರ ಕಾಯಿ ಇರುವ ಮನೆಯಲ್ಲೇ ಸರಿಯಾಗಿ ಬಂದು ನಿಂತರೆ ಅದನ್ನು ಕಡಿದ ಹಾಗೆ. ಇವರು ಇಲ್ಲಿ ಕವಡೆ ಹಾಕಿ ಬಿದ್ದದ್ದನ್ನು ಕೂಗಿ ಹೇಳುತ್ತಿದ್ದರು, ಅವರು ಅಲ್ಲಿ ತಮ್ಮ ಪಟದಲ್ಲಿ ಬಳೆ ಚೂರು ನಡೆಸುತ್ತಿದ್ದರು. ಅಮ್ಮ ಚಿಂತಾಮಣಿಯವರಾದ್ದರಿಂದ ಅರ್ಧ ತೆಲುಗು. ಎಂಟು ಬಿದ್ದ ಖುಷಿಗೆ "ಎನಿಮಿದಿ!" ಅಂತ ಅವರು ಕೂಗುವುದು ನಮ್ಮ ಹಾಲಿನ ತುಂಬ ಕೇಳಿಸುತ್ತಿತ್ತು.

ತಮ್ಮನ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಹಾಲಿನ ಕಿಟಕಿ ಹತ್ತಿರ ಮಾತ್ರ. ಪಟ, ಫೋನು ಎರಡನ್ನೂ ಅಲ್ಲಿದ್ದ ಟೇಬಲ್ ಮೇಲೆ ಇಟ್ಟಿದ್ದ. ಆಡಬೇಕೆಂದರೆ ಅಮ್ಮ ಮಂಚದಿಂದ ಎದ್ದು, ವಾಕರ್ ಹಿಡಿದು, ನಡುಮನೆ ದಾಟಿ ಕಿಟಕಿಯವರೆಗೆ ಬರಲೇಬೇಕು. ಡಾಕ್ಟರು, ನಾನು, ತಮ್ಮ ಎಲ್ಲರೂ ಸೇರಿ ಹೇಳಿದರೂ ಏಳದವರು ಎರಡೂವರೆ ಗಂಟೆಯ ಆಟಕ್ಕೆ ಎರಡಕ್ಕೇ ತಲೆ ಬಾಚಿಕೊಂಡು ಕೂರಲು ಶುರುಮಾಡಿದರು. ಏಪ್ರಿಲ್ ಹೊತ್ತಿಗೆ ಮನೆಯೊಳಗೆ ಒಂದು ಸುತ್ತು ಹಾಕುತ್ತಿದ್ದರು.

ಇಷ್ಟು ಚೆನ್ನಾಗಿ ನಡೆಯುತ್ತಿರುವುದನ್ನು ಯಾರಾದರೂ ಮುಟ್ಟುತ್ತಾರೆಯೇ? ನಾನು ಮುಟ್ಟಿದೆ.

ರಜೆಯ ಮೊದಲ ವಾರ ಮನೆಯಲ್ಲಿದ್ದು ಅವರ ಆಟ ನೋಡಿದೆ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಕವಡೆ, "ಕೇಳಿಸ್ತಾ, ಕೇಳಿಸ್ತಾ" ಅಂತ ಕೂಗಾಟ. ಪಾಪ, ಎಷ್ಟು ಕಷ್ಟಪಡುತ್ತಾರೆ ಅನ್ನಿಸಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮೂರು ತಿಂಗಳಾಗಿತ್ತು. ತಮ್ಮನಿಗೆ ಫೋನ್ ಮಾಡಿ ಅವನೊಂದು ಟ್ಯಾಬ್, ನಾನೊಂದು ಟ್ಯಾಬ್ ತರುವುದೆಂದು ತೀರ್ಮಾನಿಸಿದೆವು. ಟ್ಯಾಬಿಗೆ ಸ್ಟ್ಯಾಂಡು, ಕ್ಯಾಮೆರಾದಲ್ಲಿ ಮುಖವೂ ಪಟವೂ ಎರಡೂ ಕಾಣುವ ಹಾಗೆ ಕೋನ, ಎಲ್ಲವನ್ನೂ ನಾನೇ ಕೂತು ಹೊಂದಿಸಿದೆ. ನಮ್ಮ ಯಜಮಾನರು ಗೌರಿಬಿದನೂರಿನ ಆಫೀಸಿಗೆ ಹೊರಡುತ್ತಾ ಇದನ್ನೆಲ್ಲ ನೋಡಿ, "ಅವರು ಕೇಳಿದ್ರಾ?" ಅಂದರು. "ಕೇಳ್ದಿದ್ರೆ ಮಾಡ್ಬಾರ್ದಾ?" ಅಂದೆ. ಅವರು ಹಳೇ ಶರ್ಟುಗಳನ್ನು ನೆನಪಿಸಿಕೊಂಡರೋ ಏನೋ, ಬ್ಯಾಗು ಎತ್ತಿಕೊಂಡು ಹೊರಟುಹೋದರು.

ಮೊದಲ ದಿನ ಬಹಳ ಚೆನ್ನಾಗಿತ್ತು. ಪರದೆ ಮೇಲೆ ಮುಖ ಬಂದ ಕೂಡಲೇ ಇಬ್ಬರೂ ಒಂದು ಕ್ಷಣ ಸೆರಗು ಸರಿಮಾಡಿಕೊಂಡರು.

"ಏನ್ ಬೀಗಿತ್ತಿ, ಕೂದ್ಲೆಲ್ಲ ಹಿಂಗ್ ಬೆಳ್ಳಗ್ ಮಾಡ್ಕೊಂಡ್ಬಿಟ್ಟಿದೀರ!"

"ನಿಮ್ ಮುಂದಿನ್ ಹಲ್ಲೆಲ್ಲಿ? ನಂಗ್ ಹೇಳ್ದೆ ಕೇಳ್ದೆ ಕೀಳಿಸ್ಬಿಟ್ರಾ?"

ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನು ಆ ದೃಶ್ಯದ ಫೋಟೋ ತೆಗೆದು ನಮ್ಮ ಸ್ಟಾಫ್ ಗುಂಪಿಗೆ ಹಾಕಿದೆ. ಎಲ್ಲರೂ ಕೈಮುಗಿದ ಚಿತ್ರ, ಹೂವಿನ ಚಿತ್ರ ಕಳಿಸಿ, "ಸೊಸೆ ಅಂದ್ರೆ ಹೀಗಿರಬೇಕು" ಅಂತ ಬರೆದರು. ನಾನು ಅದನ್ನು ನಾಲ್ಕು ಸಲ ಓದಿಕೊಂಡೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಆದರೆ ಆಟ ಯಾಕೋ ಏರಲಿಲ್ಲ. ಮಾಮೂಲಾಗಿ ನಾಲ್ಕು ಗಂಟೆಯೊಳಗೆ ಒಬ್ಬರ ಕಾಯಿಗಳೆಲ್ಲ ನಡುವಿನ ಮನೆ ಸೇರಿ ಹಣ್ಣಾಗಿ ಆಟ ಮುಗಿಯುತ್ತಿತ್ತು. ಅವತ್ತು ಐದಾದರೂ ಕಾಯಿಗಳು ಅಲ್ಲಲ್ಲೇ ತೆವಳುತ್ತಿದ್ದವು. ಒಂದು, ಎರಡು, ಎರಡು, ಮೂರು. ಎಂಟು ಅನ್ನುವ ಮಾತೇ ಇಲ್ಲ. ಲೆಕ್ಕದ ಪ್ರಕಾರ ಎಂಟು ಬೀಳುವುದು ಸುಮಾರು ಹದಿನಾರು ಸಲಕ್ಕೆ ಒಂದು ಸಲ. ಫೋನಿನಲ್ಲಿ ಮಾತ್ರ ಇವರಿಬ್ಬರಿಗೂ ಮೂರು ಸಲಕ್ಕೊಂದು ಎಂಟು ಬೀಳುತ್ತಿತ್ತು. ಇಪ್ಪತ್ತು ವರ್ಷದಿಂದ ಗಣಿತ ಹೇಳಿಕೊಡುವ ನನಗೆ ಆಗಲೂ ಏನೂ ಹೊಳೆಯಲಿಲ್ಲ ನೋಡಿ. ಹೊಸ ಯಂತ್ರ, ಕೈ ಕೂತಿಲ್ಲ ಅಂದುಕೊಂಡೆ.

ಮೂರನೇ ದಿನ ಸ್ಫೋಟವಾಯಿತು. ನಮ್ಮತ್ತೆ ಕವಡೆ ಹಾಕಿದರು. ಮೂರು ಬೋರಲು, ಒಂದು ಅಂಗಾತ. ಆ ಒಂದನ್ನು ಕಿರುಬೆರಳಿನಿಂದ ಮೆಲ್ಲಗೆ ಮಗುಚಿ, "ಎಂಟು" ಅಂದರು. ಎಂಟನೇ ಮನೆಯಲ್ಲಿ ಅಮ್ಮನ ಕಾಯಿ ಸಿಗುತ್ತಿತ್ತು ಅಂತ ಕಾಣುತ್ತೆ, ಆಸೆ ತಡೆಯಲಾಗಲಿಲ್ಲ.

ಅಮ್ಮ ಆ ಕಡೆಯಿಂದ, "ಬೀಗಿತ್ತಿ, ಕಿರುಬೆರಳಲ್ಲಿ ಮಗುಚಿದ್ದು ನಾನ್ ನೋಡ್ದೆ" ಅಂದರು.

ನಮ್ಮತ್ತೆಯ ಮುಖ ಕೆಂಪಾಯಿತು. "ನಾನ್ಯಾಕ್ ಮಗುಚ್ಲಿ? ಕೈ ತಗುಲ್ತು."

"ಕೈ ತಗುಲಿದ್ರೆ ಒಂದ್ ಅನ್ಬೇಕು. ಎಂಟ್ ಹೆಂಗಾಯ್ತು?"

"ಓಹೋ, ನೀವ್ ಭಾರೀ ಸತ್ಯವಂತ್ರು! ಫೋನಲ್ಲಿ ದಿನಕ್ಕೆ ಹತ್ತು ಎನಿಮಿದಿ ಬೀಳ್ತಿತ್ತು. ಮೂರ್ ದಿನದಿಂದ ಒಂದೂ ಬಿದ್ದಿಲ್ಲ. ಟ್ಯಾಬ್ ಬಂದ್ಮೇಲೆ ನಿಮ್ ಕವಡೇಗೆ ನಾಚ್ಕೆ ಆಗೋಯ್ತಾ?"

"ಏಮಂಟಾರು! ಏನಂದ್ರಿ? ನನ್ ಮನೇಲಿ ಕೂತು ನಾನ್ ಸುಳ್ಳಾಡ್ತೀನಾ?"

ಅಲ್ಲಿಂದ ಮಾತು ಕವಡೆ ಬಿಟ್ಟು ಇಪ್ಪತ್ತಾರು ವರ್ಷದ ಹಿಂದಿನ ನಮ್ಮ ಮದುವೆಗೆ ಹೋಯಿತು. ಗಂಡಿನ ಕಡೆಯವರಿಗೆ ಬಿಸಿನೀರು ಕೊಡಲಿಲ್ಲ ಅಂತ ಇವರು. ನಿಮ್ಮ ಬಸ್ಸು ಕೈವಾರದ ಹತ್ತಿರ ಕೆಟ್ಟು ನಿಂತು ಮುಹೂರ್ತ ಮೀರುವ ಹೊತ್ತಿಗೆ ಬಂದಿರಿ, ನೀರು ಆರಿಹೋಗಿತ್ತು ಅಂತ ಅವರು. ನಾನು ನಡುವೆ ಕೈ ಆಡಿಸಿ ಸಮಾಧಾನ ಮಾಡಲು ಹೋದೆ. ನಮ್ಮತ್ತೆ ಟ್ಯಾಬನ್ನು ಮಕಾಡೆ ಮಲಗಿಸಿ ಎದ್ದುಹೋದರು.

ಮರುದಿನ ಫೋನಿಲ್ಲ. ಅದರ ಮರುದಿನವೂ ಇಲ್ಲ. ಒಂದು ವಾರ ಕಳೆಯಿತು. ಎರಡೂವರೆಯಾದರೆ ನಮ್ಮತ್ತೆ ಟೀವಿ ಮುಂದೆ ಕೂರುತ್ತಿದ್ದರು. ಸೀರಿಯಲ್ಲಿನಲ್ಲಿ ಏನಾಯಿತು ಅಂತ ಕೇಳಿದರೆ ಅವರಿಗೇ ಗೊತ್ತಿರುತ್ತಿರಲಿಲ್ಲ. ಊಟಕ್ಕೆ ಕರೆದರೆ "ಹಸಿವಿಲ್ಲ". ನಮ್ಮ ಯಜಮಾನರು ಟ್ಯಾಬನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಹತ್ತನೇ ದಿನ ಬೆಳಗ್ಗೆ ಮುನಿರಾಜು ಫೋನ್ ಮಾಡಿದ. ದನಿ ಕುಗ್ಗಿತ್ತು. "ಅಕ್ಕಾ, ಅಮ್ಮ ಮತ್ತೆ ಗೋಡೆ ಕಡೆ ತಿರ್ಗಿ ಮಲ್ಕೊಂಡ್ಬಿಟ್ಟವ್ರೆ. ವಾಕರ್ ಮುಟ್ಟಿ ವಾರ ಆಯ್ತು. ನಿನ್ನೆ ಎಬ್ಸಿ ನಿಲ್ಸಿದ್ರೆ ಕಾಲು ನಡುಗ್ತಿತ್ತು. ಬಿಸಿಯೋಥೆರಪಿ ಮಾಡೋರು ಹಿಂಗೇ ಬಿಟ್ರೆ ಹಾಸಿಗೇನೇ ಗತಿ ಅಂದ್ರು. ಏನಾದ್ರೂ ಮಾಡು." ಫಿಸಿಯೋಥೆರಪಿಗೆ ಅವನು ಬಿಸಿಯೋಥೆರಪಿ ಅನ್ನುತ್ತಾನೆ, ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಅಳು ಬಂತು. ಮೂರು ತಿಂಗಳು ಒಂದೊಂದೇ ಹೆಜ್ಜೆ ಕೂಡಿಸಿಕೊಂಡಿದ್ದ ನನ್ನ ತಾಯಿಯ ನಡಿಗೆಯನ್ನು ನಾನೇ ಕಿತ್ತುಕೊಂಡೆ ಅನ್ನಿಸಿತು.

ಆದರೂ ನನ್ನ ಬುದ್ಧಿ ನೋಡಿ, ಯಂತ್ರದಿಂದ ಆದ ಎಡವಟ್ಟಿಗೆ ಇನ್ನೊಂದು ಯಂತ್ರವನ್ನೇ ಹುಡುಕಿದೆ. ಫೋನು ತಾನೇ ಕವಡೆ ಹಾಕಿ ಇಬ್ಬರಿಗೂ ಒಂದೇ ಸಂಖ್ಯೆ ತೋರಿಸುವ ಆ್ಯಪ್ ಒಂದು ಸಿಕ್ಕಿತು. ಇನ್ನು ಮೋಸದ ಮಾತೇ ಇಲ್ಲ ಅಂತ ಸಂಭ್ರಮದಿಂದ ಅದನ್ನು ನಮ್ಮತ್ತೆಗೆ ತೋರಿಸಲು ಹೋದೆ. ಅವರು ಹಿತ್ತಲ ಕಟ್ಟೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಪರದೆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಕವಡೆ ಅದೇ ಹಾಕಿ, ಲೆಕ್ಕಾನೂ ಅದೇ ಹೇಳಿದ್ರೆ, ನಮಗೇನಮ್ಮ ಕೆಲ್ಸ ಅಲ್ಲಿ?" ಅಂದರು.

ನಾನು ಪಕ್ಕದಲ್ಲಿ ಕೂತು ಒಂದೆರಡು ಹಣ್ಣು ಬಿಡಿಸಿದೆ. ಆಮೇಲೆ ಧೈರ್ಯ ಮಾಡಿ ಕೇಳಿದೆ, "ಅತ್ತೆ, ಫೋನಲ್ಲಿ ಆಡೋವಾಗ ನಿಜವಾಗ್ಲೂ ಸುಳ್ಳ್ ಹೇಳ್ತಿದ್ರಾ?"

"ಹೂಂ ಮತ್ತೆ." ಸ್ವಲ್ಪವೂ ಅಳುಕಿಲ್ಲ. "ಮೊದಲ್ನೇ ವಾರ ನಿಮ್ಮಮ್ಮ ದಿನಾ ಸೋತ್ರು. ಹಿಂಗ್ ಸೋತ್ರೆ ನಾಳೆ ಎದ್ ಬರಲ್ಲ ಇವ್ರು ಅಂತ, ನಂಗ್ ಬಿದ್ದ ಎಂಟನ್ನ ಎರಡು ಅಂತ ಹೇಳ್ದೆ. ಗೆದ್ರು. ರುಚಿ ಹತ್ತಿತು ನೋಡು, ಆಮೇಲೆ ಅವ್ರೇ ಶುರು ಹಚ್ಕೊಂಡ್ರು. ಒಂದಿನ ಸಾಲಾಗಿ ಐದ್ ಸಲ ಎನಿಮಿದಿ ಅಂದ್ರು. ಆಮೇಲೆ ನಾನ್ ಬಿಡ್ತೀನಾ?"

"ಅವ್ರು ಸುಳ್ಳ್ ಹೇಳೋದ್ ನಿಮಗ್ ಗೊತ್ತಿತ್ತಾ?"

"ಗೊತ್ತಿತ್ತು. ನಂದೂ ಅವ್ರಿಗ್ ಗೊತ್ತಿತ್ತು."

"ಗೊತ್ತಿದ್ಮೇಲೆ ಜಗಳ ಯಾಕೆ ಅತ್ತೆ?"

ಅವರು ಕುಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಗೊತ್ತಿದ್ರೂ ಅನ್ನದೆ ಇರೋದೇ ಆಟ ಕಣಮ್ಮ. ಯಾವ ಸುಳ್ಳನ್ನ ಎಲ್ಲೀವರ್ಗೂ ಬಿಡ್ಬೇಕು, ನಾವೆಷ್ಟು ಹೇಳ್ಬೇಕು, ಅದ್ರಲ್ಲೇ ಮಜಾ ಇದ್ದಿದ್ದು. ನೀನು ಅದನ್ನ ತಂದು ಎದ್ರಿಗಿಟ್ಟೆ. ಕಂಡ್ಮೇಲೆ ಅವ್ರಾದ್ರೂ ಹೆಂಗ್ ಸುಮ್ನಿರ್ತಾರೆ? ನಾನಾದ್ರೂ ಹೆಂಗ್ ಸುಮ್ನಿರ್ಲಿ?"

ಇಷ್ಟು ವರ್ಷ ಮಕ್ಕಳ ಕಾಪಿ ಹಿಡಿದು ಹಿಡಿದು, ಕಳ್ಳಾಟವೆಂದರೆ ಹಿಡಿಯಬೇಕಾದ್ದು ಅಂತಲೇ ನನ್ನ ತಲೆಯಲ್ಲಿ ಕೂತಿತ್ತು. ಇವರಿಬ್ಬರೂ ಸೇರಿ ಒಬ್ಬರನ್ನೊಬ್ಬರು ಎಷ್ಟು ಹಗುರವಾಗಿ ನಡೆಸಿಕೊಂಡು ಹೋಗುತ್ತಿದ್ದರು ಅನ್ನುವುದು ಕಾಣಲೇ ಇಲ್ಲ.

"ನೀವೇ ಒಂದ್ ಫೋನ್ ಮಾಡ್ಬಿಡಿ ಅತ್ತೆ" ಅಂದೆ. "ನಾನ್ಯಾಕ್ ಮಾಡ್ಲಿ? ಬಾಯ್ಬಿಟ್ಟಿದ್ದು ಅವ್ರು" ಅಂದರು. ಚಿಂತಾಮಣಿಗೆ ಮಾಡಿದರೆ ಅಮ್ಮ ಮಲಗಿದಲ್ಲಿಂದಲೇ, "ಹೆಣ್ಣು ಕೊಟ್ಟೋರು ಅಂತ ಎಷ್ಟಂತ ತಗ್ಗೋದು? ಈ ಸಲ ಅವ್ರೇ ಮಾಡ್ಲಿ" ಅಂದರು. ಹೆಣ್ಣು ನಾನೇ. ನಡುವೆ ಸಿಕ್ಕಿಕೊಂಡವಳೂ ನಾನೇ. ತಪ್ಪೂ ನನ್ನದೇ ಆದ್ದರಿಂದ ಇನ್ಯಾರ ಮೇಲೂ ಹಾಕುವ ಹಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಎರಡೂವರೆಗೆ ಟ್ಯಾಬನ್ನು ಬೀರುವಿನಲ್ಲಿಟ್ಟು, ನಮ್ಮತ್ತೆಯ ಹಳೇ ಫೋನು ಮತ್ತು ಪಟ ತೆಗೆದುಕೊಂಡು, ಜಗಳದ ದಿನ ನಿಂತುಹೋದ ಆಟದ ಕಾಯಿಗಳನ್ನು ಅಲ್ಲಲ್ಲೇ ಜೋಡಿಸಿ ಹಾಲಿನಲ್ಲಿ ಕೂತೆ. ನಮ್ಮತ್ತೆ ಟೀವಿ ಮುಂದೆ ಇದ್ದರು. ತಮ್ಮನಿಗೆ ಮೊದಲೇ ಹೇಳಿದ್ದೆ, "ಅಮ್ಮನ ಕೈಗೆ ಫೋನ್ ಕೊಡಬೇಡ, ಕಿಟಕಿ ಹತ್ತಿರವೇ ಸ್ಪೀಕರ್ ಹಾಕಿಡು" ಅಂತ. ಫೋನು ಎತ್ತಿದ ಶಬ್ದವಾಯಿತು. ನಾನು ಕವಡೆ ಹಾಕಿದೆ. ಎರಡು ಅಂಗಾತ, ಎರಡು ಬೋರಲು.

"ಅಮ್ಮಾ, ಅತ್ತೆ ಪರವಾಗಿ ನಾನು ಆಡ್ತಿದೀನಿ" ಅಂತ ಜೋರಾಗಿ ಹೇಳಿದೆ. "ಎಂಟು ಬಿತ್ತು!"

ನಮ್ಮತ್ತೆ ಟೀವಿಯ ದನಿ ಸ್ವಲ್ಪ ಕಡಿಮೆ ಮಾಡಿದರು.

ಮತ್ತೆ ಹಾಕಿದೆ. ಈ ಸಲ ಬಿದ್ದದ್ದು ಒಂದು. "ಮತ್ತೆ ಎಂಟು!" ನನ್ನ ಕಿವಿ ಬಿಸಿಯಾಗಿತ್ತು. ಮುನಿರಾಜು ಆ ಕಡೆ ನಗು ತಡೆಯುತ್ತಿದ್ದದ್ದು ಕೇಳಿಸುತ್ತಿತ್ತು. ಇನ್ನೊಂದು ಸಲ ಕವಡೆ ಉರುಳಿಸಿ, ನೋಡುವ ಗೋಜಿಗೂ ಹೋಗದೆ, "ಮೂರು! ನಿಮ್ಮ ಮುಂದಿನ ಕಾಯಿ ಕಡ್ದೆ ಅಮ್ಮಾ" ಅಂದೆ.

ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು ಕೂತೆ. ಮೊದಲು ಮಂಚ ಕಿರುಗುಟ್ಟಿತು. ಆಮೇಲೆ ವಾಕರಿನ ಕಾಲು ನೆಲಕ್ಕೆ ತಾಗುವ ಶಬ್ದ. ನಿಂತಿತು. "ಹಿಡ್ಕೊಬೇಡ, ಬಿಡೋ" ಅಂತ ತಮ್ಮನಿಗೆ ಬೈದದ್ದು ಕೇಳಿಸಿತು. ಮತ್ತೆ ಟಕ್, ಟಕ್. ಆ ಶಬ್ದ ಕಿಟಕಿ ಹತ್ತಿರ ಹತ್ತಿರ ಬರುತ್ತಾ ನನ್ನ ಕಣ್ಣು ಮಂಜಾಯಿತು. ಕುರ್ಚಿ ಎಳೆದ ಸದ್ದಾಗಿ ಅಮ್ಮನ ಗಂಟಲು ಫೋನಿನಲ್ಲೇ ಗುಡುಗಿತು.

"ಸುಳ್ಳಾಡೋಕೂ ಒಂದ್ ಲೆಕ್ಕ ಬೇಕು ಕಣೇ! ನೀನ್ ಹೇಳಿದ್ ಮೂರನ್ನೂ ಕೂಡಿದ್ರೆ ಕಾಯಿ ನನ್ ಕಾಯಿ ದಾಟ್ಕೊಂಡು ಆಚೆ ಎರಡ್ ಮನೆ ಹೋಗತ್ತೆ, ಅದ್ ಹೆಂಗೇ ಕಡಿಯತ್ತೆ? ಅದೇನ್ ಲೆಕ್ಕ ಹೇಳ್ಕೊಡ್ತೀಯೋ ಮಕ್ಕಳಿಗೆ, ಆ ದೇವುಡೇ ಬಲ್ಲ!"

ನಾನು ಉತ್ತರ ಹೇಳುವಷ್ಟರಲ್ಲಿ ನನ್ನ ಹಿಂದಿನಿಂದ ಒಂದು ಕೈ ಬಂದು ಕವಡೆಗಳನ್ನು ಬಾಚಿಕೊಂಡಿತು. ನಮ್ಮತ್ತೆ ಟೀವಿ ಆರಿಸಿ ಬಂದಿದ್ದರು.

"ಇವಳಿಗ್ ಆಡೋಕ್ ಬರಲ್ಲ ಬಿಡಿ ಬೀಗಿತ್ತಿ. ಏಳಮ್ಮ ನೀನು, ಏಳು. ಒಲೆ ಮೇಲೆ ಹಾಲಿಟ್ಟಿದೀಯ, ನೋಡ್ಹೋಗು" ಅಂದರು.

ಒಲೆ ಮೇಲೆ ಹಾಲೇನೂ ಇರಲಿಲ್ಲ. ಆದರೂ ಎದ್ದು ಅಡುಗೆಮನೆಗೆ ಹೋಗಿ, ಒಬ್ಬಳೇ ನಿಂತು ಸಮಾಧಾನವಾಗುವಷ್ಟು ಅತ್ತುಬಿಟ್ಟೆ. ಹೊರಗೆ ಹೊಸ ಆಟ ಶುರುವಾಗಿತ್ತು. ಮೊದಲ ಕವಡೆಗೇ ಎಂಟು.

ಟ್ಯಾಬ್ ಹಾಳಾಗಲಿಲ್ಲ. ದಿನಾ ಬೆಳಗ್ಗೆ ಹತ್ತು ನಿಮಿಷ ಇಬ್ಬರೂ ಮುಖ ನೋಡಿಕೊಂಡು ಕಾಫಿ ಕುಡಿಯುತ್ತಾರೆ. ನಮ್ಮತ್ತೆ ಅದರಲ್ಲಿ ಭಜನೆ ಕೇಳುವುದನ್ನೂ ಕಲಿತಿದ್ದಾರೆ. ಎರಡೂವರೆಯಾದರೆ ಮಾತ್ರ ಅದು ಬೀರು ಸೇರುತ್ತದೆ, ಹಳೇ ಫೋನು ಹೊರಗೆ ಬರುತ್ತದೆ. ನಾನು ಆ ವಿಷಯಕ್ಕೆ ಕೈ ಹಾಕುವುದಿಲ್ಲ.

ಗೌರಿ ಹಬ್ಬಕ್ಕೆ ಅಮ್ಮ ಬಾಗಿನವನ್ನು ತಮ್ಮನ ಕೈಯಲ್ಲಿ ಕಳಿಸಲಿಲ್ಲ, ತಾವೇ ತಂದರು. ಕಾರಿನಿಂದ ಇಳಿದು, ಒಂದು ಕೋಲು ಊರಿಕೊಂಡು, ಮೂರು ಮೆಟ್ಟಿಲು ಹತ್ತಿ ಒಳಗೆ ಬಂದರು. ನಮ್ಮತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದವರು, "ನಿಧಾನ ಬೀಗಿತ್ತಿ, ಮುಹೂರ್ತ ಏನೂ ಮೀರಿಲ್ಲ" ಅಂದರು. ಇಬ್ಬರೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಒಬ್ಬಟ್ಟಿನ ಊಟವಾದ ಮೇಲೆ ನಾನೇ ಹಾಲಿನಲ್ಲಿ ಪಟ ಹಾಸಿ, ಅಮ್ಮನಿಗೆ ಕುರ್ಚಿ, ಅತ್ತೆಗೆ ದಿವಾನ ಹೊಂದಿಸಿ ಕೊಟ್ಟೆ. ಎಂಟು ತಿಂಗಳ ಮೇಲೆ ಎದುರೆದುರು ಕೂತರು. ಒಂದು, ಮೂರು, ಎರಡು, ಎರಡು. ಇಬ್ಬರೂ ಬಹಳ ಮರ್ಯಾದೆಯಿಂದ ಕವಡೆ ಹಾಕುತ್ತಿದ್ದರು. ಐದು ನಿಮಿಷ ಕಳೆಯುವಷ್ಟರಲ್ಲಿ ಅಮ್ಮ ಆಕಳಿಸಿದರು. ನಮ್ಮತ್ತೆ ಗಡಿಯಾರ ನೋಡಿದರು.

"ಸುಧಾ, ಆ ಒಳಗಿನ್ ರೂಮಲ್ಲಿ ಫ್ಯಾನ್ ಚೆನ್ನಾಗ್ ತಿರ್ಗತ್ತಾ?" ಅಂತ ಅಮ್ಮ ಕೇಳಿದರು. "ತಿರ್ಗತ್ತಮ್ಮ" ಅಂದೆ. ಅವರು ಕೋಲು ಊರಿಕೊಂಡು ಎದ್ದರು. ಬ್ಯಾಗಿನಿಂದ ತಮ್ಮ ಫೋನನ್ನೂ ಒಂದು ಬಟ್ಟೆ ಗಂಟನ್ನೂ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಗಂಟಿನಲ್ಲಿ ಪಟ, ಕವಡೆ, ಕಾಯಿ ಎಲ್ಲ ಇದ್ದವು. ಎರಡು ನಿಮಿಷಕ್ಕೆ ಹಾಲಿನಲ್ಲಿ ನಮ್ಮತ್ತೆಯ ಫೋನು ಬಡಿದುಕೊಂಡಿತು.

"ಹೇಳಿ ಬೀಗಿತ್ತಿ, ಎಲ್ಲಿದೀರ?" ಅಂದರು ನಮ್ಮತ್ತೆ, ಗಂಭೀರವಾಗಿ, ದಿವಾನದ ಮೇಲೆ ಕಾಲು ಮಡಚಿ ಕೂರುತ್ತಾ.

ನಾನು ಆಗ ಎಲೆ ಅಡಿಕೆ ತಟ್ಟೆ ಹಿಡಿದು ನಡುಮನೆಯಲ್ಲಿ ನಿಂತಿದ್ದೆ. ಒಳಗಿನ ರೂಮಿನ ಬಾಗಿಲು ಪೂರ್ತಿ ಮುಚ್ಚಿಕೊಂಡಿರಲಿಲ್ಲ. ನಾನು ನಿಂತ ಜಾಗದಿಂದ ಎರಡು ಕಡೆಯ ಕವಡೆಯೂ ಚೆನ್ನಾಗಿ ಕಾಣುತ್ತಿತ್ತು. ಇಲ್ಲಿ ಬಿದ್ದದ್ದು ಎರಡು, "ಎಂಟು" ಅಂದರು ನಮ್ಮತ್ತೆ. ಅಲ್ಲಿ ಬಿದ್ದದ್ದು ಒಂದು, "ಎನಿಮಿದಿ!" ಅಂತ ಕೂಗಿದರು ಅಮ್ಮ, ಮುಖವೆಲ್ಲ ಅರಳಿಸಿಕೊಂಡು. ಅಷ್ಟು ಸುಖ ನನ್ನ ಮನೆಯಲ್ಲಿ ಒಟ್ಟಿಗೆ ಇದ್ದದ್ದು ನನಗೆ ನೆನಪಿಲ್ಲ. ತಟ್ಟೆಯನ್ನು ಅಲ್ಲೇ ಇಟ್ಟು, ಸದ್ದಾಗದಂತೆ ಅಮ್ಮನ ರೂಮಿನ ಬಾಗಿಲನ್ನು ಪೂರ್ತಿ ಮುಚ್ಚಿದೆ.